ಹಳೆಯ ತೇರು, ಹೊಸ ಅಚ್ಚು

ಹಳೆಯ ವಸ್ತುಗಳನ್ನು ಪ್ರೀತಿಸುವವರಲ್ಲಿ ಎರಡು ಪಂಗಡಗಳಿವೆ. ಒಂದು ಪಂಗಡದವರು ವಸ್ತುವನ್ನು ಒರೆಸಿ, ಹೊಳಪು ಕೊಟ್ಟು, ಗಾಜಿನ ಹಿಂದೆ ಇಟ್ಟು, ‘ಮುಟ್ಟಬಾರದು’ ಎಂಬ ಹಲಗೆ ತೂಗುಹಾಕುತ್ತಾರೆ. ಇನ್ನೊಂದು ಪಂಗಡದವರು ಅದನ್ನು ಕೈಗೆತ್ತಿಕೊಂಡು ಬಳಸುತ್ತಾರೆ, ಬಳಸಿ ಸವೆಸುತ್ತಾರೆ, ಸವೆದದ್ದನ್ನು ರಿಪೇರಿ ಮಾಡಿ ಮತ್ತೆ ಬಳಸುತ್ತಾರೆ. ತಮ್ಮದೇ ನಿಜವಾದ ಪ್ರೀತಿಯೆಂದು ಇಬ್ಬರೂ ನಂಬಿದ್ದಾರೆ. ಎದುರು ಪಂಗಡದವರು ಆ ವಸ್ತುವನ್ನು ಕೊಲ್ಲುತ್ತಿದ್ದಾರೆಂದೂ ಇಬ್ಬರೂ ನಂಬಿದ್ದಾರೆ. ಹಳೆಯ ಮನೆ, ಹಳೆಯ ಗುಡಿ, ಹಳೆಯ ಕಾವ್ಯ, ಎಲ್ಲದರ ಸುತ್ತಲೂ ಈ ಜಗಳ ಇದ್ದೇ ಇದೆ. ಆದರೆ ಅದು ನನಗೆ ಅತ್ಯಂತ ಸ್ಪಷ್ಟವಾಗಿ ಕಂಡದ್ದು ನಾನು ನಿರೀಕ್ಷಿಸದಿದ್ದ ಒಂದು ಎಡೆಯಲ್ಲಿ: ನಲವತ್ತು ಐವತ್ತು ವರ್ಷ ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಮರಳುಗಾಡು, ಕಲ್ಲುದಾರಿ, ಹೊಳೆಪಾತ್ರಗಳ ಮೇಲೆ ಸಾವಿರಾರು ಮೈಲಿ ಓಡುವ ರ‍್ಯಾಲಿಗಳಿಗೆ ಸಜ್ಜುಗೊಳಿಸುವ ಹವ್ಯಾಸದಲ್ಲಿ.

ಕಾಲೇಜಿನಲ್ಲಿ ಕನ್ನಡ ಹೇಳುವವನಿಗೆ ಕಾರಿನ ಗೊಡವೆ ಏಕೆಂದು ವಾಚಕರು ಕೇಳಬಹುದು. ನಾನಿರುವುದು ಬೀದರಿನ ಚಿದ್ರಿಯಲ್ಲಿ. ವಿಮಾನ ನಿಲ್ದಾಣದ ನೆರೆಯ ಬಡಾವಣೆ; ತಲೆಯ ಮೇಲೆ ಎಂಜಿನ್ನಿನ ಸದ್ದು ಕೇಳದ ದಿನ ನಮಗೆ ದಿನವೇ ಅಲ್ಲ. ಆದರೆ ಅದು ನೆಪ ಮಾತ್ರ. ನಿಜವಾದ ಕಾರಣವೆಂದರೆ, ಆ ಕಾರು ಕಟ್ಟುವವರು ಎದುರಿಸುವ ಪ್ರಶ್ನೆಯೂ ಪಂಪನನ್ನು ಪಾಠ ಹೇಳುವಾಗ ನಾನು ಎದುರಿಸುವ ಪ್ರಶ್ನೆಯೂ ಒಂದೇ. ಹಳೆಯದನ್ನು ಉಳಿಸುವುದೆಂದರೆ ಏನನ್ನು ಉಳಿಸುವುದು? ಅದರ ಮೈಯನ್ನೋ, ಅದರ ನಡೆಯನ್ನೋ?

ಮೊದಲು ಆ ಕೆಲಸ ಹೇಗೆ ನಡೆಯುತ್ತದೆಂಬುದನ್ನು ನೋಡೋಣ. ಸ್ಪೋರ್ಟ್ಸ್ ಕಾರೆಂಬುದು ನುಣುಪಾದ ಡಾಂಬರು ರಸ್ತೆಗೆಂದೇ ಹುಟ್ಟಿದ ಬಂಡಿ. ಇಬ್ಬರಿಗಷ್ಟೇ ಜಾಗ, ನೆಲಕ್ಕೆ ತೀರ ಹತ್ತಿರದ ಹೊಟ್ಟೆ, ಬಿಗಿಯಾದ ಸ್ಪ್ರಿಂಗು. ಇಂಥದನ್ನು ದಾರಿಯಿಲ್ಲದ ದಾರಿಗೆ ಒಯ್ಯಬೇಕಾದರೆ ಅದರ ಒಂದೊಂದು ಗುಣವನ್ನೂ ತಿರುವುಮುರುವು ಮಾಡಬೇಕಾಗುತ್ತದೆ. ಮೊದಲು ಕಾರನ್ನು ಪೂರಾ ಬಿಚ್ಚಿ ಬರಿಯ ತಗಡಿನ ಮೈ ಉಳಿಸುತ್ತಾರೆ. ಕಾರ್ಖಾನೆಯಲ್ಲಿ ಆ ತಗಡುಗಳ ಅಂಚುಗಳನ್ನು ಅಲ್ಲಲ್ಲಿ ಚುಕ್ಕೆ ಚುಕ್ಕೆಯಾಗಿ ಬೆಸೆದಿರುತ್ತಾರೆ. ಸಾವಿರಾರು ಮೈಲಿ ಕುಲುಕಿದರೆ ಆ ಬೆಸುಗೆ ಬಿಡುತ್ತದೆ. ಆದ್ದರಿಂದ ಸಂದುಗಳನ್ನು ಉದ್ದಕ್ಕೂ ವೆಲ್ಡಿಂಗ್ ಮಾಡಬೇಕು. ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳು ಬಂದು ಕೂರುವ ಜಾಗಕ್ಕೆ ದಪ್ಪ ತಗಡಿನ ತೇಪೆ ಹಾಕಬೇಕು. ಒಳಗೆ ಉಕ್ಕಿನ ಕೊಳವೆಗಳ ಪಂಜರ ಕಟ್ಟಬೇಕು. ಕಾರು ಮಗುಚಿದರೆ ಒಳಗಿನವರ ಜೀವ ಉಳಿಸುವ ಆ ಪಂಜರವೇ ಇಡೀ ಮೈಯನ್ನು ಬಿಗಿಹಿಡಿಯುವ ಎಲುಬುಗೂಡೂ ಆಗುತ್ತದೆ. ಹೊಟ್ಟೆಯನ್ನು ನೆಲದಿಂದ ಮೇಲೆತ್ತಬೇಕು. ಎಂಜಿನ್ನಿನ ತಳಕ್ಕೆ ದಪ್ಪ ಲೋಹದ ಹಲಗೆಯ ರಕ್ಷೆ ಬೇಕು. ಒಂದು ಕಲ್ಲು ತಾಗಿ ಆಯಿಲ್ ಸೋರಿಹೋದರೆ ಎಂಜಿನ್ನಿನ ಕಥೆ ಅಲ್ಲಿಗೇ ಮುಗಿಯುತ್ತದೆ. ದೊಡ್ಡ ಪೆಟ್ರೋಲ್ ಟ್ಯಾಂಕು, ಎರಡೆರಡು ಸ್ಟೆಪ್ನಿ, ಧೂಳು ತಡೆಯುವ ದೊಡ್ಡ ಏರ್ ಫಿಲ್ಟರು, ನೀರು ದಾಟುವಾಗ ಎಂಜಿನ್ನು ನೀರು ಕುಡಿಯದಂತೆ ಎತ್ತರಿಸಿದ ಗಾಳಿಯ ಬಾಯಿ. ದಾರಿಯಲ್ಲಿ ಕೀಳು ದರ್ಜೆಯ ಪೆಟ್ರೋಲೇ ಸಿಕ್ಕೀತೆಂದು ಎಂಜಿನ್ನಿನ ಕಂಪ್ರೆಷನ್ ತಗ್ಗಿಸುವುದೂ ಉಂಟು.

ಇಷ್ಟೆಲ್ಲ ಮಾಡುವವರೇ ಒಂದು ಕಡೆ ಕೈ ತಡೆಯುತ್ತಾರೆಂಬುದು ಸ್ವಾರಸ್ಯದ ಸಂಗತಿ. ಕಿಡಿ ಹೊತ್ತಿಸುವ ಹಳೆಯ ಸಿ.ಬಿ. ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಪೆಟ್ಟಿಗೆ ಕೂರಿಸುವುದು ಸುಲಭ. ಆದರೂ ಎಷ್ಟೋ ಜನ ಹಳೆಯದನ್ನೇ ಇಟ್ಟುಕೊಳ್ಳುತ್ತಾರೆ. ಪಾಯಿಂಟ್ ಕೆಟ್ಟರೆ ರಸ್ತೆಯ ಬದಿಯಲ್ಲಿ ಕುಳಿತು ಉಪ್ಪುಕಾಗದದಿಂದ ತಿಕ್ಕಿ ಮತ್ತೆ ಹೊರಡಬಹುದು; ಪೆಟ್ಟಿಗೆ ಸತ್ತರೆ ಬೇರೆ ಪೆಟ್ಟಿಗೆಯೇ ಬರಬೇಕು. ಎಂದರೆ ಹಳೆಯದರ ಒಂದು ದೊಡ್ಡ ಗುಣ ಅದರ ವಯಸ್ಸಲ್ಲ, ಮನುಷ್ಯನ ಕೈಗೆ ಅದು ಅರ್ಥವಾಗುತ್ತದೆಂಬುದು. ಈ ಮಾತನ್ನು ಮುಂದೆ ನೆನೆಯಬೇಕಾಗುತ್ತದೆ.

ಈ ಹುಚ್ಚಿಗೆ ಒಂದು ವಂಶಾವಳಿಯೂ ಇದೆ. 1907ರಲ್ಲಿ ಪ್ಯಾರಿಸಿನ ಒಂದು ದಿನಪತ್ರಿಕೆ ಪೀಕಿಂಗಿನಿಂದ ಪ್ಯಾರಿಸಿಗೆ ಮೋಟಾರಿನಲ್ಲಿ ಬರುವವರು ಯಾರಾದರೂ ಇದ್ದಾರೆಯೇ ಎಂದು ಸವಾಲು ಹಾಕಿತು. ಐದು ಬಂಡಿಗಳು ಹೊರಟವು. ಇಟಲಿಯ ರಾಜಕುಮಾರ ಶಿಪಿಯೋನೆ ಬೋರ್ಗೇಸೆ ತನ್ನ ‘ಇಟಾಲ’ ಕಾರಿನಲ್ಲಿ ಮೆಕ್ಯಾನಿಕ್ ಎತ್ತೋರೆ ಗುಯಿತ್ಸಾರ್ದಿಯನ್ನೂ ಪತ್ರಕರ್ತ ಲುಯಿಜಿ ಬಾರ್ಜೀನಿಯನ್ನೂ ಕೂರಿಸಿಕೊಂಡು ಜೂನ್ 10ರಂದು ಹೊರಟು, ಆಗಸ್ಟ್ 10ರಂದು ಪ್ಯಾರಿಸ್ ಮುಟ್ಟಿ ಗೆದ್ದ. ದಾರಿ ಸುಮಾರು 15,000 ಕಿಲೋಮೀಟರು. ರಷ್ಯದಲ್ಲಿ ಆ ಕಾರಿನ ಮರದ ಗಾಲಿಯೊಂದು ಮುರಿಯಿತು. ಹಳ್ಳಿಯ ಬಡಗಿಯೊಬ್ಬ ಕೊಡಲಿಯನ್ನೇ ಮುಖ್ಯ ಆಯುಧ ಮಾಡಿಕೊಂಡು ಅದನ್ನು ಮತ್ತೆ ಕಟ್ಟಿಕೊಟ್ಟ. ಪ್ಯಾರಿಸಿಗೆ ಬಂದ ಇಟಾಲ ಕಾರು ಪೂರಾ ಇಟಾಲ ಕಾರ್ಖಾನೆಯದಾಗಿರಲಿಲ್ಲ. ರಷ್ಯದ ಒಂದು ಹಳ್ಳಿಯೂ ಅದರಲ್ಲಿ ಸೇರಿತ್ತು. ಇಂದು ಆ ಕಾರು ತೂರಿನ್ ನಗರದ ಮೋಟಾರು ವಸ್ತುಸಂಗ್ರಹಾಲಯದಲ್ಲಿದೆ. ಅದೇ ಪಯಣವನ್ನು ಹಳೆಯ ಕಾರುಗಳಲ್ಲಿ ಮತ್ತೆ ಮಾಡುವ ಉತ್ಸವ 1997ರಲ್ಲಿ ಆರಂಭವಾಯಿತು. ಆ ವರ್ಷದ ಬಂಡಿಗಳು ಟಿಬೆಟ್ ಹತ್ತಿ ನೇಪಾಳ ಇಳಿದು ನಮ್ಮ ದೇಶವನ್ನೂ ಹಾದುಹೋದವು.

ನಮ್ಮ ನೆಲಕ್ಕೆ ಇಂಥ ಧೂಳು ಹೊಸದೇನಲ್ಲ. 1968ರ ಲಂಡನ್–ಸಿಡ್ನಿ ಓಟದ ಕಾರುಗಳು ದಿಲ್ಲಿಯಿಂದ ಮುಂಬಯಿಗೆ ಬಂದು ಅಲ್ಲಿ ಹಡಗು ಹತ್ತಿದವು. ಗೆದ್ದದ್ದು ಆಂಡ್ರೂ ಕವನ್ ಓಡಿಸಿದ ಹಿಲ್ಮನ್ ಹಂಟರ್ ಎಂಬ ಸಾದಾ ಸಂಸಾರಿಯ ಕಾರು; ಆದರೆ ಪೋಲೆಂಡಿನ ಸೊಬಿಯೆಸ್ಲಾವ್ ಜಸಾದ ಪೋರ್ಷೆ 911 ಎಂಬ ಸ್ಪೋರ್ಟ್ಸ್ ಕಾರನ್ನು ಅಷ್ಟು ದೂರ ಓಡಿಸಿ ನಾಲ್ಕನೆಯವನಾದ. ಇತ್ತ ಬೆಂಗಳೂರಿನ ಕ್ಲಬ್ಬೊಂದು 1970ರ ದಶಕದಿಂದ ‘ಕೆ–1000’ ರ‍್ಯಾಲಿ ನಡೆಸಿಕೊಂಡು ಬಂದಿದೆ. 1980ರಲ್ಲಿ ಹಿಮಾಲಯನ್ ರ‍್ಯಾಲಿ ಮೊದಲಾಯಿತು. ಬೆಂಗಳೂರಿನ ಸಿಪಾನಿ ಕಂಪನಿ 1980ರ ದಶಕದಲ್ಲಿ ಮಾಡಿದ ‘ಡಾಲ್ಫಿನ್’ ಎಂಬ ಫೈಬರ್ ಮೈಯ ಪುಟ್ಟ ಕಾರು ಪೇಟೆಯಲ್ಲಿ ಹೆಚ್ಚು ಕಾಲ ನಿಲ್ಲಲಿಲ್ಲವಾದರೂ ಹಗುರವಾಗಿದ್ದುದರಿಂದ ರ‍್ಯಾಲಿಗಳಲ್ಲಿ ಹೆಸರು ಮಾಡಿತು.

ಪೋರ್ಷೆಯ ಕಥೆಗೆ ಇನ್ನೊಂದು ತಿರುವಿದೆ. ಪೂರ್ವ ಆಫ್ರಿಕದ ಸಫಾರಿ ರ‍್ಯಾಲಿಯನ್ನು ಗೆಲ್ಲಲೇಬೇಕೆಂದು ಆ ಕಂಪನಿ 1978ರಲ್ಲಿ ತಾನೇ ಸಜ್ಜುಗೊಳಿಸಿದ ಎರಡು 911 ಕಾರುಗಳನ್ನು ಕಳಿಸಿತು. ಅವು ಎರಡನೆಯ ಮತ್ತು ನಾಲ್ಕನೆಯ ಸ್ಥಾನಕ್ಕೆ ತೃಪ್ತಿಪಡಬೇಕಾಯಿತು. ನಾಲ್ಕನೆಯ ಸ್ಥಾನದ ಕಾರು ಓಡಿಸಿದವನು ಸ್ವೀಡನ್ನಿನ ಬ್ಯೋರ್ನ್ ವಾಲ್ಡೆಗಾರ್ಡ್. ಹಳೆಯ ಕಾರುಗಳಿಗಾಗಿಯೇ 2003ರಲ್ಲಿ ಹುಟ್ಟಿದ ಸಫಾರಿ ಕ್ಲಾಸಿಕ್ ರ‍್ಯಾಲಿಯಲ್ಲಿ, 2011ರಲ್ಲಿ, ಅದೇ ವಾಲ್ಡೆಗಾರ್ಡ್ ಹಳೆಯ 911 ಓಡಿಸಿ ಗೆದ್ದ. ಕಾರಿಗೂ ವಯಸ್ಸಾಗಿತ್ತು, ಸಾರಥಿಗೂ ವಯಸ್ಸಾಗಿತ್ತು. ಹರೆಯದಲ್ಲಿ ಕೈತಪ್ಪಿದ್ದು ಮುಪ್ಪಿನಲ್ಲಿ ದಕ್ಕಿತು. ಆದರೆ ಇಲ್ಲಿಯೇ ಆಕ್ಷೇಪಣೆ ಏಳುತ್ತದೆ: ಗೆದ್ದದ್ದು ಹಳೆಯ ಕಾರೇ? ಬಲಪಡಿಸಿದ ಮೈ, ಹೊಸ ಸ್ಪ್ರಿಂಗು, ಹೊಸ ತಂತಿ, ಹೊಸ ಪಂಜರ. ಅದರಲ್ಲಿ ‘ಹಳೆಯದು’ ಎಂಬುದು ಎಲ್ಲಿ ಕುಳಿತಿದೆ?

ನಮ್ಮ ಸರ್ಕಾರ ಈ ಪ್ರಶ್ನೆಗೆ ಒಂದು ಉತ್ತರ ಕೊಟ್ಟಿದೆ. 2021ರ ಜುಲೈಯಲ್ಲಿ ಬಂದ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಸ್ವಂತ ಬಳಕೆಯ ಬಂಡಿಯನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಅದರ ಫಲಕದಲ್ಲಿ ‘ವಿಎ’ ಎಂಬ ಅಕ್ಷರಗಳಿರುತ್ತವೆ. ಆದರೆ ಬಂಡಿ ಮೂಲರೂಪದಲ್ಲಿರಬೇಕು; ಷಾಸಿ, ಮೈಕಟ್ಟು, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಪ್ರದರ್ಶನ, ವಿಂಟೇಜ್ ರ‍್ಯಾಲಿ, ಪೆಟ್ರೋಲ್ ತುಂಬಿಸುವುದು, ರಿಪೇರಿ ಮೊದಲಾದ ಕೆಲವೇ ಕಾರಣಗಳಿಗೆ ಅದು ರಸ್ತೆಗಿಳಿಯಬಹುದು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವೂ ಇದೇ ದಾರಿಯಲ್ಲಿದೆ: 30 ವರ್ಷವಾದರೂ ತುಂಬಿರಬೇಕು, ಇತಿಹಾಸಕ್ಕೆ ತಕ್ಕ ಸ್ಥಿತಿಯಲ್ಲಿರಬೇಕು, ನಿತ್ಯದ ಓಡಾಟಕ್ಕೆ ಬಳಸುತ್ತಿರಬಾರದು. ಕಾನೂನಿಗೆ ಗೆರೆ ಎಳೆಯಲೇಬೇಕು, ತಪ್ಪೇನಿಲ್ಲ. ಆದರೂ ಆ ಕೊನೆಯ ಷರತ್ತನ್ನು ಓದಿದಾಗ ಮನಸ್ಸು ಒಂದು ಕ್ಷಣ ನಿಲ್ಲುತ್ತದೆ. ಯಾವ ಕೆಲಸಕ್ಕಾಗಿ ವಸ್ತು ಹುಟ್ಟಿತೋ ಆ ಕೆಲಸವನ್ನು ದಿನವೂ ಮಾಡುವುದನ್ನು ಬಿಟ್ಟ ಮೇಲೆಯೇ ಅದಕ್ಕೆ ಗೌರವದ ಪೀಠ!

ಕಾನೂನು ಬಿಟ್ಟು ತತ್ತ್ವದ ಕಡೆ ತಿರುಗಿದರೆ, ನಮ್ಮ ದೇಶದಲ್ಲಿ ಈ ಚರ್ಚೆ ನಡೆದದ್ದೇ ಒಂದು ಬಂಡಿಯ ಮೇಲೆ. ಪಾಲಿ ಭಾಷೆಯ ‘ಮಿಲಿಂದಪನ್ಹ’ದಲ್ಲಿ ಯವನರ ದೊರೆ ಮಿಲಿಂದ ಭಿಕ್ಷು ನಾಗಸೇನನನ್ನು ವಾದಕ್ಕೆ ಎಳೆಯುತ್ತಾನೆ. ನಾಗಸೇನನೆಂಬವನು ಯಾರು, ಕೂದಲೇ, ಎಲುಬೇ, ಮಾಂಸವೇ ಎಂದು ಕೇಳುತ್ತಾನೆ. ಭಿಕ್ಷು ಪ್ರಶ್ನೆಯನ್ನು ಹಿಂದಿರುಗಿಸುತ್ತಾನೆ: ದೊರೆ ರಥದಲ್ಲಿ ಬಂದನಲ್ಲ, ಆ ರಥವೆಂದರೆ ಯಾವುದು? ಅಚ್ಚೇ? ಗಾಲಿಯೇ? ನೊಗವೇ? ಯಾವ ಭಾಗವೂ ರಥವಲ್ಲ. ಭಾಗಗಳ ಆಚೆಗೂ ರಥವೆಂಬುದು ಬೇರೆ ಇಲ್ಲ. ಭಾಗಗಳೆಲ್ಲ ಕೂಡಿದಾಗ ವ್ಯವಹಾರಕ್ಕೆಂದು ನಾವು ಇಟ್ಟುಕೊಂಡ ಹೆಸರು ಅದು. ಈ ಮಾತಿನ ಬೆಳಕಿನಲ್ಲಿ ನೋಡಿದರೆ, ‘ನಿಜವಾದ 911 ಎಲ್ಲಿದೆ’ ಎಂದು ಕಾರಿನೊಳಗೆ ಟಾರ್ಚು ಹಾಕಿ ಹುಡುಕುವುದು ವ್ಯರ್ಥ.

ಗ್ರೀಕರು ಇದೇ ಪ್ರಶ್ನೆಯನ್ನು ಹಡಗಿನ ಮೇಲೆ ಕೇಳಿದರು. ವೀರ ಥೀಸಿಯಸನ ಹಡಗನ್ನು ಅಥೆನ್ಸಿನವರು ಬಹುಕಾಲ ಕಾಪಾಡಿದರಂತೆ. ಹಲಗೆ ಕೊಳೆತಾಗಲೆಲ್ಲ ಹೊಸ ಹಲಗೆ ಹಾಕಿದರಂತೆ. ಅದು ಅದೇ ಹಡಗೋ ಅಲ್ಲವೋ ಎಂದು ಪಂಡಿತರು ಕಚ್ಚಾಡಿದರೆಂದು ಪ್ಲುಟಾರ್ಕ್ ಬರೆದಿದ್ದಾನೆ. ಇಂಗ್ಲೆಂಡಿನ ಹಾಬ್ಸ್ ಅದಕ್ಕೊಂದು ಗಂಟು ಹಾಕಿದ: ತೆಗೆದ ಹಳೆಯ ಹಲಗೆಗಳನ್ನು ಒಬ್ಬ ಕೂಡಿಟ್ಟು ಮತ್ತೊಂದು ಹಡಗು ಕಟ್ಟಿದರೆ ಯಾವುದು ಥೀಸಿಯಸನದು? ಹಾಬ್ಸನಿಗೆ ಇದು ಕಲ್ಪನೆ. ಕಾರು ಕಟ್ಟುವವರಿಗೆ ದಿನದ ಬದುಕು. ಬಿಚ್ಚಿದ ಮೂಲ ಸೀಟು, ಮೂಲ ಸ್ಪ್ರಿಂಗು, ಮೂಲ ಬಂಪರುಗಳಿಗೆ ಚೀಟಿ ಕಟ್ಟಿ ಅಟ್ಟದ ಮೇಲೆ ಇಡುವವರು ಅವರಲ್ಲಿ ಬಹಳ. ಒಂದು ಕಾರು ಮರಳುಗಾಡಿನಲ್ಲಿ ಓಡುತ್ತಿರುತ್ತದೆ. ಇನ್ನೊಂದು ಕಾರು ಬಿಡಿಬಿಡಿಯಾಗಿ ಅಟ್ಟದಲ್ಲಿ ಮಲಗಿರುತ್ತದೆ.

ನಮ್ಮ ಜನ ಈ ಪ್ರಶ್ನೆಗೆ ಶಾಸ್ತ್ರವಿಲ್ಲದೆಯೇ ಉತ್ತರ ಕಂಡುಕೊಂಡಿದ್ದಾರೆ. ತೇರು ಎಳೆಯುವ ಯಾವ ಊರಿಗಾದರೂ ಹೋಗಿ ನೋಡಿ. ನಮ್ಮ ಜಿಲ್ಲೆಯ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯನ್ನೇ ನೆನೆಯಿರಿ. ತೇರಿನ ಅಚ್ಚು ಬಿರುಕುಬಿಟ್ಟರೆ ಬಡಗಿ ಹೊಸ ಅಚ್ಚು ಕೂರಿಸುತ್ತಾನೆ. ಗಾಲಿ ಸವೆದರೆ ಹೊಸ ಗಾಲಿ ಬರುತ್ತದೆ. ಮಿಣಿ ಹರಿದರೆ ಹೊಸ ಮಿಣಿ. ‘ಇದು ಅಜ್ಜನ ಕಾಲದ ತೇರೇ?’ ಎಂದು ಯಾರೂ ಅನುಮಾನಪಡುವುದಿಲ್ಲ. ಎಳೆಯದೆ ನಿಂತ ವರ್ಷವೇ ಊರಿಗೆ ದಿಗಿಲು, ಅಚ್ಚು ಬದಲಾದ ವರ್ಷವಲ್ಲ. ಈ ಕೆಲಸಕ್ಕೆ ನಾವು ‘ಜೀರ್ಣೋದ್ಧಾರ’ ಎಂದು ಹೆಸರಿಟ್ಟಿದ್ದೇವೆ: ಜೀರ್ಣವಾದದ್ದನ್ನು ಮೇಲೆತ್ತುವುದು. ಬಚ್ಚಿಡುವುದೂ ಅಲ್ಲ, ಬಿಸಾಡುವುದೂ ಅಲ್ಲ.

ಚಿದ್ರಿಯ ಆಕಾಶದಲ್ಲೂ ಇದಕ್ಕೊಂದು ನಿದರ್ಶನವಿದೆ. ವಾಯುಪಡೆಯ ‘ಸೂರ್ಯಕಿರಣ’ ತಂಡ ಬೀದರಿನಲ್ಲಿ ರೂಪುಗೊಂಡದ್ದು 1996ರಲ್ಲಿ. ಅಂದು ಅದು ಹಾರಿಸುತ್ತಿದ್ದುದು ಬೆಂಗಳೂರಿನ ಎಚ್.ಎ.ಎಲ್. ತಯಾರಿಸಿದ ‘ಕಿರಣ’ ವಿಮಾನಗಳನ್ನು. ತಂಡದ ಹೆಸರಿನೊಳಗೇ ವಿಮಾನದ ಹೆಸರು ಅಡಗಿತ್ತು. 2011ರಲ್ಲಿ ತಂಡದ ಹಾರಾಟ ನಿಂತಿತು. 2015ರಲ್ಲಿ ಅದು ಮತ್ತೆ ಕೂಡಿದಾಗ ಕಿರಣ ಹೋಗಿ ‘ಹಾಕ್’ ವಿಮಾನ ಬಂದಿತ್ತು. ಯಂತ್ರ ಬೇರೆ, ಹಾರಿಸುವವರು ಬೇರೆ. ಆದರೂ ಅದು ಸೂರ್ಯಕಿರಣವೇ. ರೆಕ್ಕೆಗೆ ರೆಕ್ಕೆ ತಾಗುವಷ್ಟು ಹತ್ತಿರ ಹಾರುವ ವಿದ್ಯೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕಡಿಯದೆ ಬಂದಿತಾದ್ದರಿಂದ ಹೆಸರಿಗೆ ಮೋಸವಾಗಲಿಲ್ಲ.

ಹಾಗಾದರೆ ಕಾರು ಕಟ್ಟುವವರ ಪರವಾಗಿ ತೀರ್ಪು ಕೊಟ್ಟು ಮುಗಿಸಬಹುದೇ? ಅಷ್ಟು ಸುಲಭವಲ್ಲ. ಇದೇ ಊರಿನಲ್ಲಿ ಎದುರು ಸಾಕ್ಷಿಯೂ ನಿಂತಿದೆ. ಬಹಮನಿ ಮಂತ್ರಿ ಮಹಮೂದ ಗವಾನ 1472ರಲ್ಲಿ ಕಟ್ಟಿಸಿದ ಮದರಸಾ 1696ರಲ್ಲಿ, ಒಳಗಿದ್ದ ಮದ್ದು ಸಿಡಿದು, ಅರ್ಧ ಹಾಳಾಯಿತು. ಮುಂಭಾಗದ ಎರಡು ಮಿನಾರುಗಳಲ್ಲಿ ಇಂದು ಎತ್ತರವಾಗಿ ನಿಂತಿರುವುದು ಒಂದೇ. ಅದರ ಮೈಮೇಲೆ ಬಣ್ಣದ ಹೆಂಚಿನ ಅಲಂಕಾರ ಅಲ್ಲಲ್ಲಿ ಉಳಿದಿದೆ. ಬಿದ್ದುಹೋದ ಮಿನಾರನ್ನು ಹೊಸದಾಗಿ ಕಟ್ಟಿ, ಹೊಸ ಹೆಂಚು ಅಂಟಿಸಿ, ತರಗತಿ ನಡೆಸೋಣವೆಂದು ಯಾರಾದರೂ ಹೊರಟರೆ ನಾನೇ ಮೊದಲು ಅಡ್ಡ ನಿಂತೇನು. ಆ ಇಲ್ಲದ ಮಿನಾರೂ ಇತಿಹಾಸ ಹೇಳುತ್ತದೆ. ಬಿದರಿ ಕೆಲಸದ ಹಳೆಯ ಹುಕ್ಕದ ಬುಡಗಳನ್ನೂ ಹಾಗೆಯೇ ನೋಡಬೇಕು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ತಂತಿ ಕೂರಿಸಿ, ಕೋಟೆಯ ಮಣ್ಣು ನವಸಾಗರಗಳಿಂದ ಕಪ್ಪೇರಿಸಿದ ಆ ಪಾತ್ರೆಗಳು ಹುಟ್ಟಿದ್ದು ಹೊಗೆ ಸೇದುವುದಕ್ಕೆ. ಹಾಗೆಂದು ವಸ್ತುಸಂಗ್ರಹಾಲಯದಿಂದ ಅವನ್ನು ಈಚೆ ತಂದು ಕೆಂಡ ಹಾಕಿ ಎನ್ನುವವರು ಯಾರು?

ಆದ್ದರಿಂದ ಹಳೆಯ ವಸ್ತುವಿಗೆ ಎರಡು ಬಗೆಯ ಧರ್ಮಗಳುಂಟೆಂದು ನನಗೆ ತೋರುತ್ತದೆ: ಒಂದು ಸಾಕ್ಷಿಯ ಧರ್ಮ, ಇನ್ನೊಂದು ಸೇವೆಯ ಧರ್ಮ. ತನ್ನಂಥದು ಇನ್ನೊಂದಿಲ್ಲದೆ, ತಾನೊಂದೇ ಒಂದು ಕಾಲದ ಮಾತು ಹೇಳಬಲ್ಲ ವಸ್ತು ಸಾಕ್ಷಿ. ಅದನ್ನು ಕಡಿದರೆ, ಬೆಸೆದರೆ, ಸಾಕ್ಷಿಯ ನಾಲಗೆ ತಿರುಚಿದಂತೆ. ತೂರಿನ್ನಿನ ಆ ಇಟಾಲ ಕಾರು ಅಂಥದು. ಆದರೆ ಕಾರ್ಖಾನೆ ಸಾವಿರ ಸಾವಿರವಾಗಿ ಹೆತ್ತ ಕಾರುಗಳಲ್ಲಿ ಒಂದು, ತುಕ್ಕು ಹಿಡಿದು ಗುಜರಿಯ ದಾರಿ ಹಿಡಿದಿದ್ದದ್ದು, ಯಾರದೋ ಕೈಯಲ್ಲಿ ಎದ್ದು ಗೋಬಿ ಮರುಭೂಮಿ ದಾಟಿದರೆ ಅಲ್ಲಿ ಯಾವ ಸಾಕ್ಷಿಯೂ ಸಾಯಲಿಲ್ಲ. ಒಂದು ಸೇವೆ ಮುಂದುವರಿಯಿತು. ತೇರು ಸೇವೆಯದು, ಮದರಸಾ ಸಾಕ್ಷಿಯದು. ಒಂದರ ನ್ಯಾಯವನ್ನು ಇನ್ನೊಂದಕ್ಕೆ ಹೇರಿದಾಗಲೇ ಎರಡು ಪಂಗಡಗಳ ಜಗಳ ತಾರಕಕ್ಕೇರುವುದು.

ಈ ವಿವೇಕದ ಜೊತೆಗೆ ಇನ್ನೊಂದು ಬೇಕು, ಪ್ರಾಮಾಣಿಕತೆ. ಬದಲಾಯಿಸುವುದು ಪಾಪವಲ್ಲ, ಬದಲಾಯಿಸಿ ‘ಬದಲಾಗಿಲ್ಲ’ ಎನ್ನುವುದು ಪಾಪ. ಹಳೆಯ ಕಾರಿಗೆ ಬೆಲೆ ಏರಿದಂತೆಲ್ಲ ಷಾಸಿಯ ನಂಬರು ತಿದ್ದಿ, ಬೇರೆ ಎಂಜಿನ್ನು ಇಟ್ಟು, ‘ಮೂಲದ್ದೇ’ ಎಂದು ಮಾರುವ ಕಳ್ಳತನವೂ ಲೋಕದಲ್ಲಿ ಬೆಳೆದಿದೆ. ಅಂಥ ಕಾರಿನ ಒಂದು ಮೊಳೆಯೂ ಅಲುಗಾಡದೆ ಗಾಜಿನ ಮನೆಯಲ್ಲಿ ನಿಂತಿದ್ದರೂ ಅದು ಸುಳ್ಳು. ಏನು ತೆಗೆದೆವು, ಏನು ಹಾಕಿದೆವು, ಎಲ್ಲಿ ಬೆಸೆದೆವು ಎಂಬುದನ್ನು ಪುಸ್ತಕದಲ್ಲಿ ಬರೆದಿಟ್ಟು, ಮತ್ತೆ ಬಿಚ್ಚಲಾಗುವಂತೆ ಬೋಲ್ಟು ಹಾಕಬಹುದಾದ ಕಡೆ ವೆಲ್ಡಿಂಗ್ ಮಾಡದೆ, ತೆಗೆದ ಭಾಗಗಳನ್ನು ಜೋಪಾನ ಮಾಡಿದವನ ಕಾರು ಮೈತುಂಬ ಗಾಯವಾಗಿದ್ದರೂ ನಿಜ. ಅಟ್ಟದ ಮೇಲಿನ ಆ ಚೀಟಿ ಕಟ್ಟಿದ ಭಾಗಗಳು ನನಗೆ ತತ್ತ್ವಶಾಸ್ತ್ರದ ಗಂಟಿಗಿಂತ ದೊಡ್ಡ ಉತ್ತರವಾಗಿ ಕಾಣುತ್ತವೆ. ‘ನನ್ನ ನಂತರ ಬರುವವನಿಗೆ ಬೇರೆ ಅಭಿಪ್ರಾಯವಿರಬಹುದು, ಅವನಿಗೂ ದಾರಿ ಬಿಟ್ಟಿದ್ದೇನೆ’ ಎಂಬ ವಿನಯ ಅದರಲ್ಲಿದೆ.

ಮೂರನೆಯ ಮಾತು ಕೊಂಚ ಕಹಿ. ನಮ್ಮ ಊರಿನ ಒಂದು ಗ್ಯಾರೇಜಿನ ಹಿರಿಯ ಮೆಕ್ಯಾನಿಕರೊಬ್ಬರಿಗೆ ನಾನು ಈ ರ‍್ಯಾಲಿಗಳ ವಿಷಯ ಹೇಳಿದೆ. ಕೈಯ ಎಣ್ಣೆ ಒರೆಸಿಕೊಳ್ಳುತ್ತ ಅವರು ನಕ್ಕರು. “ನಮ್ಮ ಕಡಿ ಹಳ್ಯಾಗಿನ ಜೀಪುಗೋಳು ದಿನಾ ರ‍್ಯಾಲಿನೇ ಮಾಡ್ತಾವ್ರಿ ಸರ. ಅವಕ್ಕ ಕಪ್ಪು ಯಾರ ಕೊಡ್ತಾರ?” ಎಂದರು. ಬೀದರಿನ ಕೆಂಪು ಜಂಬಿಟ್ಟಿಗೆ ನೆಲ ಬಿಟ್ಟು ಭಾಲ್ಕಿ, ಔರಾದಿನ ಕಡೆ ಇಳಿದರೆ ಮಾಂಜರಾ ಬಯಲಿನ ಎರೆಮಣ್ಣು. ಮಳೆಗಾಲದಲ್ಲಿ ಹೊಲದ ದಾರಿಯ ಆ ಮಣ್ಣು ಗಾಲಿಗೆ ಸುತ್ತಿಕೊಂಡು ಬಂಡಿಯನ್ನು ಬಿಡುವುದೇ ಇಲ್ಲ. ಅಲ್ಲಿ ಹೆರಿಗೆಗೆ, ಸಂತೆಗೆ, ಪರೀಕ್ಷೆಗೆ ಹೋಗುವವರಿಗೆ ಕೆಟ್ಟ ದಾರಿ ಸಾಹಸವಲ್ಲ, ಸಂಕಟ. ಇನ್ನೊಬ್ಬರ ಸಂಕಟವನ್ನು ಲಕ್ಷಾಂತರ ರೂಪಾಯಿ ಖರ್ಚುಮಾಡಿ ಆಟವಾಗಿಸಿಕೊಳ್ಳುವುದು ಎಷ್ಟು ಸರಿ?

ನಾನು ಈ ಪ್ರಶ್ನೆಯನ್ನು ಬಹಳ ದಿನ ತಿರುವಿಹಾಕಿದ್ದೇನೆ. ತಾನಾಗಿ ಕಷ್ಟವನ್ನು ಆರಿಸಿಕೊಳ್ಳುವುದನ್ನು ಸಾರಾಸಗಟಾಗಿ ಹೀಯಾಳಿಸಲು ನನ್ನಿಂದಾಗದು. ನಮ್ಮ ಗಡಿಭಾಗದಿಂದ ಪಂಢರಪುರಕ್ಕೆ ಬಸ್ಸಿದ್ದರೂ ನಡೆದೇ ಹೋಗುವವರಿದ್ದಾರೆ. ಕಷ್ಟ ಆರಿಸಿಕೊಂಡವನು ದಾರಿಯಲ್ಲಿ ಏನು ಕಲಿತನೆಂಬುದರ ಮೇಲೆ ಅದರ ಬೆಲೆ. ವಾರಿಯಲ್ಲಿ ನಡೆಯುವವನು ದಾರಿಯ ಹಳ್ಳಿಯವರ ಅನ್ನ ಉಣ್ಣುತ್ತಾನೆ. ಆ ಋಣ ಅವನಿಗೆ ಗೊತ್ತಿರುತ್ತದೆ. ರ‍್ಯಾಲಿಯವನಿಗೂ ಅದು ಗೊತ್ತಿರಬೇಕು. ಬೋರ್ಗೇಸೆಯ ಹೆಸರನ್ನು ಜಗತ್ತು ನೆನೆಯುತ್ತದೆ. ಆದರೆ ಗಾಲಿ ಕಟ್ಟಿಕೊಟ್ಟ ಬಡಗಿ ಇಲ್ಲದಿದ್ದರೆ ಆ ಗೆಲುವು ಎಲ್ಲಿತ್ತು? ಹಳೆಯ ಯಂತ್ರ ಮನುಷ್ಯನ ಕೈಗೆ ಅರ್ಥವಾಗುತ್ತದೆಂದು ಆಗಲೇ ಹೇಳಿದೆ. ಅದರ ಅರ್ಥ ಇಷ್ಟೇ: ಅದು ಕೆಟ್ಟಾಗ ಯಜಮಾನನು ಯಾವುದೋ ಊರಿನ ಯಾವುದೋ ಕೈಯನ್ನು ಆಶ್ರಯಿಸಬೇಕು. ಧೂಳೆಬ್ಬಿಸಿ ಹಳ್ಳಿ ದಾಟಿಹೋಗುವ ಶ್ರೀಮಂತಿಕೆ ಬೇರೆ. ಆ ಹಳ್ಳಿಯ ಕಮ್ಮಾರನ ಎದುರು ಕೈಕಟ್ಟಿ ನಿಲ್ಲಬೇಕಾದ ಶ್ರೀಮಂತಿಕೆ ಬೇರೆ. ಎರಡನೆಯದು ಮನುಷ್ಯನನ್ನು ಕೊಂಚವಾದರೂ ಬಗ್ಗಿಸುತ್ತದೆ. ಬಗ್ಗಿಸದಿದ್ದರೆ ನಮ್ಮ ಮೆಕ್ಯಾನಿಕರ ನಗೆಗೆ ಉತ್ತರವಿಲ್ಲ.

ಇನ್ನು ನನ್ನ ತರಗತಿಯ ಮಾತು. ಪಂಪ ‘ವಿಕ್ರಮಾರ್ಜುನ ವಿಜಯ’ವನ್ನು ಬರೆದದ್ದು 941ರ ಸುಮಾರಿನಲ್ಲಿ. ಓಲೆಗರಿಯಲ್ಲಿದ್ದ ಅದನ್ನು 1898ರಲ್ಲಿ ಬಿ. ಎಲ್. ರೈಸ್ ಅಚ್ಚಿಗೆ ತಂದರು. ತೇರಿಗೆ ಹೊಸ ಅಚ್ಚು ಬಂದ ಹಾಗೆ ಕಾವ್ಯಕ್ಕೂ ಹೊಸ ಅಚ್ಚು ಬಂತು. ಕನ್ನಡ ಈ ಎರಡಕ್ಕೂ ಒಂದೇ ಪದ ಇಟ್ಟಿದೆ. ಮುಂದೆ ಎಲ್. ಬಸವರಾಜು ಅವರು ಪದಗಳನ್ನು ಬಿಡಿಸಿ, ಇಂದಿನವರ ಓದಿಗೆ ಎಟಕುವಂತೆ ‘ಸರಳ ಪಂಪಭಾರತ’ವನ್ನು ಸಿದ್ಧಪಡಿಸಿಕೊಟ್ಟರು. ಔರಾದಿನ ಹಳ್ಳಿಯಿಂದ ಬರುವ, ಮನೆಯಲ್ಲಿ ಮರಾಠಿಯನ್ನೋ ದಖನಿಯನ್ನೋ ಆಡುವ ಹುಡುಗನ ಮುಂದೆ ಮೂಲದ ಚಂಪುವನ್ನು ಹಾಗೆಯೇ ಇಟ್ಟರೆ ಅದು ಅವನಿಗೆ ಗಾಜಿನ ಹಿಂದಿನ ವಸ್ತು. ಕೈಮುಗಿದು ಮುಂದೆ ಹೋಗುತ್ತಾನೆ. ಸಂಧಿ ಬಿಡಿಸಿ, ಹೊಸಗನ್ನಡದ ಆಸರೆ ಕೊಟ್ಟು, ಕರ್ಣನ ಪ್ರಸಂಗವನ್ನು ಅವನ ದಾರಿಯಲ್ಲಿ ಓಡಿಸಿದರೆ ಅವನ ಕಣ್ಣು ತೇವವಾಗುತ್ತದೆ. ಪಂಡಿತರು ಆಗ ಕೇಳುತ್ತಾರೆ: “ಇದು ಪಂಪನೇನ್ರಿ?” ಪಂಪನ ವೃತ್ತಗಳ ಘೋಷ ಹೋಯಿತೆಂಬ ಅವರ ಕೊರಗು ಸುಳ್ಳಲ್ಲ. ಹೊಟ್ಟೆ ಮೇಲೆತ್ತಿದ ಸ್ಪೋರ್ಟ್ಸ್ ಕಾರು ತಿರುವಿನಲ್ಲಿ ಮೊದಲಿನಷ್ಟು ಲಾಘವದಿಂದ ಹೊರಳುವುದಿಲ್ಲ. ದಾರಿ ಗೆದ್ದಾಗ ಏನನ್ನೋ ತೆತ್ತಿರುತ್ತೇವೆ, ತೆತ್ತದ್ದನ್ನು ಮರೆಮಾಚಬಾರದು.

ಆದ್ದರಿಂದ ಕಾರು ಕಟ್ಟುವವರಿಂದ ನಾನು ಕಲಿತ ನೇಮವನ್ನೇ ತರಗತಿಯಲ್ಲೂ ಪಾಲಿಸುತ್ತೇನೆ. ಮೂಲಗ್ರಂಥ ಸಾಕ್ಷಿ, ಅದರ ಒಂದಕ್ಷರವನ್ನೂ ತಿದ್ದುವ ಹಕ್ಕು ನನಗಿಲ್ಲ. ನನ್ನ ಬಾಯಲ್ಲಿ ಬರುವ ಗದ್ಯ ಸೇವೆ. ಅದು ದಾರಿಗೆ ತಕ್ಕಂತೆ ಬದಲಾಗಬಹುದು, ಬದಲಾಗಬೇಕು. ಇದು ಮೂಲ, ಇದು ನನ್ನ ತೇಪೆ ಎಂದು ಹುಡುಗರಿಗೆ ಬೆರಳಿಟ್ಟು ತೋರಿಸುತ್ತೇನೆ. ವರ್ಷಕ್ಕೊಬ್ಬನೋ ಇಬ್ಬರೋ, ತೇಪೆ ಬಿಚ್ಚಿ ಮೂಲವನ್ನೇ ಮುಟ್ಟಿನೋಡುತ್ತೇನೆನ್ನುವವರು ಸಿಗುತ್ತಾರೆ. ಅವರಿಗಾಗಿ ಅಟ್ಟದ ಮೇಲೆ ಮೂಲ ಜೋಪಾನವಾಗಿರಬೇಕು.

ಕಲ್ಯಾಣದ ಶರಣರು ಸ್ಥಾವರ, ಜಂಗಮ ಎಂಬ ಎರಡು ಮಾತುಗಳನ್ನು ನಮಗೆ ಬಿಟ್ಟುಹೋಗಿದ್ದಾರೆ. ನಿಂತ ಕಾರು ಸ್ಥಾವರ, ಓಡುವ ಕಾರು ಜಂಗಮ ಎಂದು ಹೇಳಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ಆದರೆ ಓಡಾಡುವುದೆಲ್ಲ ಜಂಗಮವಲ್ಲ. ಹಾಗಿದ್ದರೆ ಪ್ರತಿಯೊಂದು ಲಾರಿಗೂ ಪಾದಪೂಜೆ ಆಗಬೇಕಿತ್ತು. ಅರಿವಿನೊಡನೆ ನಡೆಯುವುದು ಜಂಗಮ. ತಾನು ಯಾರಿಂದ ಬಂದೆ, ಯಾರ ಕೈ ಹಿಡಿದು ದಾಟಿದೆ, ದಾರಿಯಲ್ಲಿ ಏನನ್ನು ಕಳೆದುಕೊಂಡೆ ಎಂಬುದನ್ನು ಬಲ್ಲ ನಡಿಗೆ ಅದು. ಹಳೆಯ ಕಾರಾಗಲಿ, ತೇರಾಗಲಿ, ಕಾವ್ಯವಾಗಲಿ, ಆ ಅರಿವುಳ್ಳವನ ಕೈಯಲ್ಲಿ ಎಷ್ಟು ಬದಲಾದರೂ ಉಳಿಯುತ್ತದೆ. ಅರಿವಿಲ್ಲದವನ ಕೈಯಲ್ಲಿ ಒಂದು ಮೊಳೆಯೂ ಬದಲಾಗದೆ ಅಳಿಯುತ್ತದೆ.